ಹಳೇಬೀಡಿನ ಆ ಕಂಬದ ಬಳಿ

ಕಳೆದ ವಾರ ಬೆಂಗಳೂರಿನಿಂದ ಅಣ್ಣನ ಸಂಸಾರ ಬಂದಿತ್ತು. ಹಾಸನದಲ್ಲಿ ಮನೆ ಮಾಡಿಕೊಂಡ ಮೇಲೆ ಬಂದ ನೆಂಟರನ್ನು ಬೇಲೂರು, ಹಳೇಬೀಡಿಗೆ ಕರೆದೊಯ್ಯದೆ ಕಳುಹಿಸುವುದುಂಟೇ? ಹೊಯ್ಸಳೇಶ್ವರ ದೇವಾಲಯವನ್ನು ಒಂದು ಸುತ್ತು ಮುಗಿಸಿ, ಬಿಸಿಲಿಗೆ ಸೋತು ಎಲ್ಲರೂ ನೆರಳಲ್ಲಿ ಕುಳಿತಿದ್ದೆವು. ಎಂಟನೇ ತರಗತಿಯಲ್ಲಿರುವ ಅಣ್ಣನ ಮಗಳು ಮಾತ್ರ ದಕ್ಷಿಣದ ಕಡೆಗಿರುವ ಕಂಬದ ಹತ್ತಿರ ನಿಂತಿದ್ದಳು. ಅಲ್ಲಿಂದಲೇ ಕೂಗಿದಳು: "ಅತ್ತೆ, ಇಲ್ಲಿ ಬನ್ನಿ. ಇವನು ತನ್ನ ಕುತ್ತಿಗೆಗೆ ತಾನೇ ಕತ್ತಿ ಹಿಡಿದಿದ್ದಾನೆ. ಯಾಕೆ?"

ನಾನು ಏಳುವಷ್ಟರಲ್ಲಿ ಅತ್ತಿಗೆ, "ಅದೆಲ್ಲ ನಿನಗೆ ಬೇಡಮ್ಮ, ಈಚೆ ಬಾ" ಎಂದರು. ಹಿಂದಿರುಗುವಾಗ ಕಾರಿನಲ್ಲಿ ನನಗೂ ಅವರಿಗೂ ಮಾತಿಗೆ ಮಾತು ಬೆಳೆಯಿತು. ರಜೆಯಲ್ಲಿ ನಾಲ್ಕು ದಿನ ನಗುತ್ತಾ ಇರಲಿ ಎಂದು ಮಕ್ಕಳನ್ನು ಕರೆದುಕೊಂಡು ಬಂದರೆ ಸಾವಿನ ಕಥೆ ಹೇಳುತ್ತೀರಲ್ಲ ಎಂಬುದು ಅವರ ಬೇಸರ. ಅವರು ತಂದೆಯನ್ನು ಕಳೆದುಕೊಂಡು ಇನ್ನೂ ವರ್ಷ ತುಂಬಿಲ್ಲ. ಹಾಗಾಗಿ ಆ ಬೇಸರವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಆದರೂ ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲ ಎಂಬುದನ್ನು ಅಂದು ಕಾರಿನಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಆ ಕಂಬ ಕುವರ ಲಕ್ಷ್ಮನದು. ಹೊಯ್ಸಳ ಅರಸ ಇಮ್ಮಡಿ ವೀರಬಲ್ಲಾಳನ ದಂಡನಾಯಕ, ಅವನ ಮೈಗಾವಲಿನವನು. ಇಂಥವರನ್ನು ಗರುಡರು ಎನ್ನುತ್ತಿದ್ದರು. ವಿಷ್ಣುವಿಗೆ ಗರುಡ ಹೇಗೋ ಅರಸನಿಗೆ ಇವರು ಹಾಗೆ; ಒಡೆಯ ಹೋದ ಮೇಲೆ ತಾವೂ ಉಳಿಯುವುದಿಲ್ಲ ಎಂದು ಬದುಕಿರುವಾಗಲೇ ಮಾತು ಕೊಟ್ಟವರು. ಇದಕ್ಕೆ ನಮ್ಮ ಶಾಸನಗಳಲ್ಲಿ ವೇಳೆವಾಳಿ ಎಂಬ ಹೆಸರಿದೆ. 1220ರಲ್ಲಿ ಬಲ್ಲಾಳ ತೀರಿಕೊಂಡಾಗ ಲಕ್ಷ್ಮ ಆ ಮಾತು ನಡೆಸಿದ. ಅವನೊಂದಿಗೆ ಹೆಂಡತಿ ಸುಗ್ಗಲದೇವಿ, ಜೊತೆಗೆ ಸಾವಿರ ವೀರರು. ಕಂಬದ ನಡುವಿನಲ್ಲಿ ಸುತ್ತಲೂ ಇರುವ ಪುಟ್ಟ ಪುಟ್ಟ ಆಕೃತಿಗಳನ್ನು ಬಗ್ಗಿ ನೋಡಬೇಕು. ಒಂದೊಂದೂ ಗೇಣುದ್ದ ಇರಬಹುದು. ಕೈಯಲ್ಲಿ ಕತ್ತಿ, ಕಠಾರಿ. ಕೊರಳಿಗೆ ಹಿಡಿದವನಿದ್ದಾನೆ, ಮೈಗೆ ಹಿಡಿದವನಿದ್ದಾನೆ. ಹಿಂದಿನ ಗೋಡೆಯಲ್ಲಿ ಆನೆ, ಸಿಂಹ, ಕುದುರೆ ಎಂದು ಸಾಲುಸಾಲಾಗಿ ಕೆತ್ತಿದ ನಾಡಿನ ಶಿಲ್ಪಿಗಳೇ ಇದನ್ನೂ ಕೆತ್ತಿದ್ದು. ಅಲ್ಲಿನ ಬೆರಗು ಇಲ್ಲಿಲ್ಲ. ಇಲ್ಲಿ ಎದೆ ಝಲ್ಲೆನ್ನುತ್ತದೆ.

ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಬರುವವರ ಸಂಖ್ಯೆ ಹೆಚ್ಚಿದೆ ಎಂದು ನನ್ನ ಕಣ್ಣಿಗೇ ಕಾಣುತ್ತದೆ. ಅವರಲ್ಲಿ ಹೆಚ್ಚಿನವರು ಈ ಕಂಬದ ಪಕ್ಕದಲ್ಲೇ ಹಾದು ಹೋಗುತ್ತಾರೆ. ಅಂದು ನಮ್ಮ ಜೊತೆಗಿದ್ದ ಮಾರ್ಗದರ್ಶಿ ಮದನಿಕೆಯ ಬಳೆ ಸರಿದಾಡುವಷ್ಟು ನಾಜೂಕು ಕೆತ್ತನೆಯ ಬಗ್ಗೆ ಹತ್ತು ನಿಮಿಷ ಮಾತನಾಡಿದರು. ಕಂಬದ ಬಗ್ಗೆ ಒಂದು ಮಾತೂ ಆಡಲಿಲ್ಲ. ಬುಡದಲ್ಲಿ ಯಾರದೋ ಬೆನ್ನುಚೀಲ ಒರಗಿತ್ತು, ಪಕ್ಕದಲ್ಲಿ ಖಾಲಿ ನೀರಿನ ಬಾಟಲಿ.

ಕಂಬ ನಿಲ್ಲಿಸಿದವರು ಅದನ್ನು ಮುಚ್ಚಿಡಲು ನಿಲ್ಲಿಸಲಿಲ್ಲ. ರಾಜಧಾನಿಯ ದೊಡ್ಡ ದೇವಾಲಯದ ಮಗ್ಗುಲಲ್ಲಿ, ನಾಲ್ಕು ಜನ ನೋಡುವ ಕಡೆ ನಿಲ್ಲಿಸಿದರು. ನಮ್ಮ ಸೀಮೆಯ ವೀರಗಲ್ಲುಗಳೂ ಹಾಗೆಯೇ: ಊರಬಾಗಿಲಲ್ಲಿ, ಕೆರೆ ಏರಿಯ ಮೇಲೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಮಧ್ಯದಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಅವನು ಕೈಮುಗಿದು ಕುಳಿತಿರುವುದು. ತುರುಗಳನ್ನು ಹೊಡೆದುಕೊಂಡು ಹೋದವರ ಬೆನ್ನಟ್ಟಿ, ದನಗಳನ್ನು ಮರಳಿಸಿ ಸತ್ತವರೇ ಅವರಲ್ಲಿ ಎಷ್ಟೋ ಮಂದಿ. ದಾರಿಹೋಕ ನಿಂತು ನೋಡಲಿ ಎಂದೇ ಆ ಕಲ್ಲು. ಹಾಗಿರುವಾಗ ಸಾವಿನ ಜಾಗಕ್ಕೆ ಪ್ರವಾಸ ಹೋಗುವುದು ತಪ್ಪು, ಅಮಂಗಳ ಎಂಬ ಮಾತು ನನ್ನ ತಲೆಗೆ ಹತ್ತುವುದಿಲ್ಲ. ಕರೆದವರು ಅವರೇ. ನಾವು ಹೋಗಿಯೂ ನೋಡದೆ ಬಂದರೆ ಅದು ಅನ್ಯಾಯ.

ಆದರೆ ಕಲ್ಲು ಹೊಗಳಿದ್ದನ್ನೆಲ್ಲ ನಾವೂ ಹೊಗಳಬೇಕಿಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ. ಲಕ್ಷ್ಮನ ನಿಷ್ಠೆ ದೊಡ್ಡದು ಎಂದು ಶಾಸನ ಕೊಂಡಾಡುತ್ತದೆ. ಸುಗ್ಗಲದೇವಿಗೆ ಬೇರೆ ದಾರಿ ಇತ್ತೇ? ಆ ಸಾವಿರ ಮಂದಿ ಯಾವ ಯಾವ ಹಳ್ಳಿಯವರು? ಯಾರ ಯಾರ ಮನೆಯ ಅಂಗಳದಲ್ಲಿ ಅಂದು ಅಳು ಎದ್ದಿರಬಹುದು? ಅರಸನ ಮಗ ಉತ್ತರಾಧಿಕಾರಿಯಾಗಿ ಸಿಂಹಾಸನ ಏರಿದ. ಈ ಮನೆಗಳಿಗೆ ಯಾರು ದಿಕ್ಕಾದರು? ಗಂಡನ ಹಿಂದೆ ಸತಿ ಹೋದವಳ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲಿನ ಮುಂದೆಯೂ ನನಗೆ ಇದೇ ಸಂಕಟ. ಕಂಬದಿಂದ ಹೊರಚಾಚಿದ ಒಂದೇ ತೋಳು, ಮಡಿಸಿದ ಮೊಣಕೈ, ಕೈತುಂಬ ಬಳೆ. ನಮ್ಮೂರಿನಲ್ಲಿ ಅಜ್ಜಿ ಆ ಬಳೆಗಳಿಗೆ ಅರಿಸಿನ ಕುಂಕುಮ ಹಚ್ಚಿ ಮಾಸ್ತಮ್ಮ ಎಂದು ಕೈಮುಗಿಯುತ್ತಿದ್ದರು. ಮುಗಿಯುವಾಗ ಅವರ ಕಣ್ಣು ತುಂಬುತ್ತಿತ್ತು. ಯಾಕೆ ಎಂದು ಚಿಕ್ಕವಳಿದ್ದಾಗ ನಾನು ಕೇಳಲಿಲ್ಲ. ಬೆಂಕಿಗೆ ಹೋದ ಹೆಣ್ಣಿಗೆ ಇನ್ನೊಂದು ಹೆಣ್ಣು ಅತ್ತಳು ಎಂದು ಈಗ ಅರ್ಥವಾಗುತ್ತದೆ. ಪೂಜೆಯೂ ಇತ್ತು, ದುಃಖವೂ ಇತ್ತು. ಮಕ್ಕಳಿಗೆ ಹೇಳುವಾಗ ಎರಡನ್ನೂ ಹೇಳಬೇಕು. "ಇದು ನಡೆಯಿತು, ಅಂದು ಇದನ್ನು ದೊಡ್ಡದೆಂದರು, ಇಂದು ನಾವು ಹಾಗೆನ್ನುವುದಿಲ್ಲ" ಎಂದರೆ ಎಂಟನೇ ತರಗತಿಯ ಹುಡುಗಿಗೆ ಅರ್ಥವಾಗದೆ ಇರುವುದಿಲ್ಲ.

ಶ್ರವಣಬೆಳಗೊಳದ ಮಾತು ಬೇರೆ. ಅಲ್ಲಿಗೆ ಹೋದವರು ದೊಡ್ಡಬೆಟ್ಟ ಹತ್ತಿ ಬಾಹುಬಲಿಯನ್ನು ಕಂಡು ಬಸ್ ಹಿಡಿಯುತ್ತಾರೆ. ಎದುರಿನ ಚಿಕ್ಕಬೆಟ್ಟ ಹತ್ತುವವರು ಕಡಿಮೆ. ಆ ಬಂಡೆ ಸಲ್ಲೇಖನದಿಂದ, ಅಂದರೆ ಜೈನರ ಉಪವಾಸ ವ್ರತದಿಂದ, ದೇಹ ಬಿಟ್ಟವರ ನೆನಪುಗಳಿಂದ ತುಂಬಿದೆ. ಅಲ್ಲಿ ನಂದಿಸೇನ ಮುನಿಯ ಶಾಸನವಿದೆ, ಸುಮಾರು 1300 ವರ್ಷ ಹಳೆಯದು. "ಸುರಚಾಪಂಬೋಲೆ" ಎಂದು ಶುರುವಾಗುತ್ತದೆ. ರೂಪ, ಸಂಪತ್ತು, ವೈಭವ ಎಲ್ಲವೂ ಕಾಮನಬಿಲ್ಲಿನಂತೆ, ಮಿಂಚಿನಂತೆ, ಮಂಜಿನಂತೆ ತೋರಿ ಮರೆಯಾಗುವವು, ಯಾರಿಗೂ ನಿಲ್ಲುವುದಿಲ್ಲ ಎಂದು ತಿಳಿದು ಆತ ಹೊರಟುಹೋದ. ಕನ್ನಡದಲ್ಲಿ ಇಷ್ಟು ಹಿಂದೆಯೇ ಸಾವಿನ ಬಗ್ಗೆ ಇಷ್ಟು ಚೆಲುವಾಗಿ ಬರೆದಿದ್ದಾರಲ್ಲ ಎಂದು ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ.

ಅದೇ ಬೆಟ್ಟದಲ್ಲಿ ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ ಕಟ್ಟಿಸಿದ ಸವತಿಗಂಧವಾರಣ ಬಸದಿ ಇದೆ. ಶಾಂತಲೆ ಎಂದ ಕೂಡಲೇ ಶಿವಗಂಗೆಯ ಬೆಟ್ಟದ ತುದಿಯಿಂದ ಹಾರಿದ ಕಥೆ ಎಲ್ಲರ ಬಾಯಲ್ಲೂ ಬರುತ್ತದೆ. ಆ ತುದಿಯಲ್ಲಿ ನಿಂತು ಕೆಳಗೆ ಬಗ್ಗಿ ನೋಡಿ ರೋಮಾಂಚನಗೊಳ್ಳುವವರನ್ನು ನೋಡಿದ್ದೇನೆ. ಬಸದಿಯ ಶಾಸನ ಹೇಳುವುದು ಇಷ್ಟು: 1131ರಲ್ಲಿ ಶಿವಗಂಗೆಯ ತೀರ್ಥದಲ್ಲಿ ಆಕೆ ದೇಹ ಬಿಟ್ಟಳು. ಹಾರಿದ ಮಾತು ಅಲ್ಲಿಲ್ಲ. ಶಾಸನ ನಿಂತು ವರ್ಣಿಸುವುದು ಅವಳ ತಾಯಿ ಮಾಚಿಕಬ್ಬೆಯನ್ನು. ಮಗಳು ಹೋದ ಮೇಲೆ ತಾನಿರಲಾರೆ ಎಂದು ಆಕೆ ಬೆಳಗೊಳಕ್ಕೆ ಬಂದಳು. ಅರೆಮುಚ್ಚಿದ ಕಣ್ಣು, ಪಂಚಪದದ ಜಪ, ಒಂದು ತಿಂಗಳ ಉಪವಾಸ. ನಾನೂ ಒಬ್ಬ ಮಗಳ ತಾಯಿ. ಆ ಸಾಲುಗಳ ಮುಂದೆ ನಾನು ಧರ್ಮದ ಲೆಕ್ಕ ಹಾಕಲಾರೆ. ಗಟ್ಟಿಯಾಗಿ ಮಾತನಾಡುವವರನ್ನು ಸ್ವಲ್ಪ ಸುಮ್ಮನಿರಿ ಎಂದು ಕೇಳಿಕೊಳ್ಳುತ್ತೇನೆ, ಅಷ್ಟೇ.

ಇನ್ನು ಶೆಟ್ಟಿಹಳ್ಳಿ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿದ ಚರ್ಚು, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಹಿನ್ನೀರಿಗೆ ಸಿಕ್ಕಿತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಕಾಲು ಒಣಗಿಸಿಕೊಂಡು ಮೇಲೇಳುತ್ತದೆ. ಇಲ್ಲಿ ಸತ್ತದ್ದು ಊರು. ಊರಿನ ಜನ ಇನ್ನೂ ಇದ್ದಾರೆ ಎಂಬುದನ್ನು ನಾವು ಮರೆಯುತ್ತೇವೆ. ಎರಡು ಬೇಸಿಗೆಗಳ ಹಿಂದೆ ಹೋದಾಗ ಮದುವೆ ಮುಂಚಿನ ಫೋಟೊ ತೆಗೆಸಿಕೊಳ್ಳುವ ಜೋಡಿಯೊಂದು ಬಣ್ಣದ ಹೊಗೆ ಬಿಡಿಸಿಕೊಂಡು ನಿಂತಿತ್ತು. ಅರವತ್ತು ದಾಟಿದ ಒಬ್ಬರು ಚಪ್ಪಲಿ ಬಿಟ್ಟು, ಸೂರಿಲ್ಲದ ಆ ಕಟ್ಟಡದ ಹೊಸ್ತಿಲಿನ ಆಚೆಯೇ ಕಾಯುತ್ತಿದ್ದರು. ಯಾರಿಗೆ ಕಾಯುತ್ತಿದ್ದೀರಿ ಎಂದೆ. "ಅವರದು ಮುಗಿಯಲಿ ಎಂದು, ಅಮ್ಮ. ನನ್ನ ತಾಯಿಯ ಮದುವೆ ಇಲ್ಲೇ ಆದದ್ದು" ಎಂದರು. ತಮ್ಮ ಚರ್ಚಿನ ಒಳಗೆ ಕಾಲಿಡಲು ಆ ಹಿರಿಯರು ಅಪರಿಚಿತರ ಫೋಟೊ ಮುಗಿಯುವವರೆಗೆ ಬಿಸಿಲಿನಲ್ಲಿ ನಿಂತಿದ್ದರು. ನನಗೆ ಸಿಟ್ಟು ಬಂತು. ಹೋಗಿ ಆ ಜೋಡಿಗೆ ಹೇಳಿದೆ. ಪಾಪ, ಅವರಿಗೆ ಗೊತ್ತಿರಲಿಲ್ಲ. ಹುಡುಗಿ ತಕ್ಷಣ ಸೆರಗು ಎತ್ತಿಕೊಂಡು ಪಕ್ಕಕ್ಕೆ ಸರಿದಳು. ಫೋಟೊ ತೆಗೆಯಬೇಡಿ ಎನ್ನುವುದಿಲ್ಲ. ಅಳುವವರು ಬದುಕಿರುವ ಕಡೆ ಮೊದಲು ಅವರಿಗೆ ದಾರಿ ಬಿಡಿ. ಹಳೇಬೀಡಿನ ಸಾವಿರ ಮಂದಿಗೆ ಅಳುವವರು ಯಾರೂ ಉಳಿದಿಲ್ಲ; ಅಲ್ಲಿ ಹೋದವರೇ ಅವರ ಬಂಧುಗಳಾಗಬೇಕು.

ಅಣ್ಣನ ಮಗಳಿಗೆ ಅಂದು ರಾತ್ರಿ ಊಟವಾದ ಮೇಲೆ ಕುವರ ಲಕ್ಷ್ಮನ ಕಥೆ ಪೂರ್ತಿ ಹೇಳಿದೆ. ಅತ್ತಿಗೆಯೂ ಬಂದು ಬಾಗಿಲ ಹತ್ತಿರ ಕುಳಿತು ಕೇಳಿದರು. ಮಗು ಕೊನೆಗೆ ಒಂದೇ ಪ್ರಶ್ನೆ ಕೇಳಿತು: "ಸುಗ್ಗಲದೇವಿಗೆ ಮಕ್ಕಳಿದ್ದರಾ ಅತ್ತೆ?" ನನ್ನ ಬಳಿ ಉತ್ತರವಿರಲಿಲ್ಲ. ಅತ್ತಿಗೆ ಅವಳನ್ನು ಹತ್ತಿರಕ್ಕೆ ಎಳೆದುಕೊಂಡರು, ಮಾತನಾಡಲಿಲ್ಲ.

ಬರುವ ರಜೆಯಲ್ಲಿ ಚಿಕ್ಕಬೆಟ್ಟಕ್ಕೆ ಹೋಗೋಣ ಎಂದುಕೊಂಡಿದ್ದೇವೆ. ಈ ಸಲ ಕೇಳಿದವರು ಅತ್ತಿಗೆಯೇ. ಬಂಡೆ ಕಾಯುವ ಮುಂಚೆ, ಬೆಳಿಗ್ಗೆ ಏಳಕ್ಕೆಲ್ಲ ಬೆಟ್ಟದ ಬುಡದಲ್ಲಿರಬೇಕು. ಹಾಸನದ ಗೆಳೆಯರಲ್ಲಿ ಬರುವ ಮನಸ್ಸಿರುವವರು ತಿಳಿಸಿ. ಮಕ್ಕಳನ್ನೂ ಕರೆತನ್ನಿ.