ಪೆಂಗ್ವಿನ್ ಅಂಗಳದ ಮಡಿ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಈಗ ಕಾಶಿಗೆ ಹೋಗಿ ಬಂದೆ ಅಂದರೆ ಯಾರೂ ಕತ್ತೆತ್ತಿ ನೋಡುವುದಿಲ್ಲ. ‘ಅಂಟಾರ್ಕ್ಟಿಕಾಕ್ಕ ಹೊಂಟೇವ್ರಿ, ಸಣ್ಣ ಹಡಗು, 180 ಮಂದಿ ಅಷ್ಟ’ ಅಂದರೆ ಮಾತ್ರ ಚಹಾದ ಕಪ್ಪು ತುಟಿಯ ಹತ್ತಿರ ನಿಲ್ಲುತ್ತದೆ. ಇದನ್ನು ಪ್ರವಾಸ ಅನ್ನಬಾರದು, ಎಕ್ಸ್‌ಪೆಡಿಷನ್ ಅನ್ನಬೇಕು. ಎರಡಕ್ಕೂ ಇರುವ ವ್ಯತ್ಯಾಸ ಹತ್ತು ಲಕ್ಷದ ಆಚೀಚೆ.

ಹಡಗು ಸಣ್ಣದೇ ಯಾಕೆ? ಅಲ್ಲಿಗೆ ಜನರನ್ನು ಕರೆದೊಯ್ಯುವ ಕಂಪನಿಗಳು 1991ರಲ್ಲಿ ಐಯಾಟೋ ಎಂಬ ಸಂಘ ಕಟ್ಟಿಕೊಂಡಿವೆ. ಅದರ ನಿಯಮದಂತೆ ಹಡಗಿನಲ್ಲಿ 500ಕ್ಕಿಂತ ಹೆಚ್ಚು ಪ್ರಯಾಣಿಕರಿದ್ದರೆ ನೆಲಕ್ಕೆ ಕಾಲಿಡುವಂತಿಲ್ಲ, ಡೆಕ್ಕಿನಿಂದಲೇ ಕೈಮುಗಿದು ವಾಪಸ್. ಸಣ್ಣ ಹಡಗಿನವರೂ ಒಂದು ಜಾಗದಲ್ಲಿ ಒಮ್ಮೆಗೆ 100 ಮಂದಿ ಮಾತ್ರ. ಹಾಗಾಗಿ ಎರಡು ಪಂಕ್ತಿ. ಮೊದಲನೆಯದು ಏಳುವ ತನಕ ಎರಡನೆಯವರು ರಬ್ಬರ್ ದೋಣಿಯಲ್ಲಿ ಮಂಜುಗಡ್ಡೆ ಸುತ್ತುತ್ತಿರಬೇಕು. ಮದುವೆ ಊಟಕ್ಕೆ ಉಣ್ಣುವವರ ಕುರ್ಚಿ ಹಿಡಿದು ನಿಂತು ರೂಢಿಯಾದವರಿಗೆ ಇದೇನು ಹೊಸದಲ್ಲ.

ದುಡ್ಡಿದ್ದವರು ಮೇಲಿನ ಡೆಕ್ಕಿನ, ಬಾಲ್ಕನಿ ಇರುವ ಸೂಟ್ ಹಿಡಿಯುತ್ತಾರೆ. ಅರ್ಜೆಂಟೀನಾದ ಉಷುವಾಯಾ ಬಂದರು ಬಿಟ್ಟ ಮೇಲೆ ಡ್ರೇಕ್ ಜಲಸಂಧಿ, ಸುಮಾರು 800 ಕಿ.ಮೀ., ಎರಡು ದಿನ. ಹಡಗಿನ ತೂಗಾಟ ಬುಡದಲ್ಲಿ ಕಡಿಮೆ, ಮೇಲೆ ಮತ್ತು ಮುಂದೆ ಹೋದಷ್ಟೂ ಜಾಸ್ತಿ. ಅಗ್ಗದ ಟಿಕೆಟ್ಟಿನವರು ಕೆಳಗೆ, ನಡುಭಾಗದಲ್ಲಿ ನಿದ್ದೆ ಹೊಡೆಯುವಾಗ ಸೂಟಿನ ಸಾಹುಕಾರರು ಅಷ್ಟೂ ರೊಕ್ಕದ ಪೂರ್ತಿ ತೂಗಾಟ ಅನುಭವಿಸುತ್ತಾರೆ. ಮಾತ್ರೆಯನ್ನು ಹಡಗು ಹತ್ತುವ ಮೊದಲೇ ನುಂಗಬೇಕು. ಹೊಟ್ಟೆ ತೊಳಸಿದ ಮೇಲೆ ನುಂಗಿದರೆ ಅದೂ ಹೊರಗೇ ಬರುತ್ತದೆ. ಬಾಗಿಲಿನ ಅಂಚು ಹಿಡಿಯಬಾರದು. ಹಡಗು ವಾಲಿತೆಂದರೆ ಬಾಗಿಲು ತಾನೇ ಬಡಿದುಕೊಂಡು ಬೆರಳು ಅಪ್ಪಚ್ಚಿ.

ಇನ್ನು ಮಡಿ. ನಮ್ಮ ಅಜ್ಜಿಯರ ಮಡಿ ಇದರ ಮುಂದೆ ಏನೂ ಅಲ್ಲ. ಇಳಿಯುವ ಮೊದಲು ಜಾಕೆಟ್ಟಿನ ಕಿಸೆಗಳನ್ನು ಹೊರಗೆಳೆದು ವ್ಯಾಕ್ಯೂಮ್ ಹಿಡಿಯುತ್ತಾರೆ. ವೆಲ್ಕ್ರೋ ಪಟ್ಟಿಯಲ್ಲಿ ಸಿಕ್ಕ ಬೀಜವನ್ನು ಚಿಮಟದಿಂದ ಒಂದೊಂದಾಗಿ ಕೀಳುತ್ತಾರೆ. ಅದೇ ಪ್ಯಾಂಟಿನಲ್ಲಿ ನೃಪತುಂಗ ಬೆಟ್ಟದ ವಾಕಿಂಗ್ ಮುಗಿಸಿ ಬಂದವರ ಕಾಲತುದಿಯಲ್ಲಿ ನಾಲ್ಕಾದರೂ ಉತ್ತರಾಣಿ ಕಾಳು ಸಿಗದೆ ಇರುವುದಿಲ್ಲ. ಕಾರಣ ಸುಳ್ಳಲ್ಲ: ಪೋವಾ ಆನ್ಯುವಾ ಎಂಬ ಹುಲ್ಲು ಹೀಗೇ ಮನುಷ್ಯರ ಬೆನ್ನು ಹತ್ತಿ ಹೋಗಿ ಅಲ್ಲಿನ ಕಿಂಗ್ ಜಾರ್ಜ್ ದ್ವೀಪದಲ್ಲಿ ಬೇರುಬಿಟ್ಟಿದೆ. ಬೂಟಿನ ತಳದ ಗೆರೆಗೆರೆಯನ್ನೂ ಬ್ರಷ್ಷಿನಿಂದ ಉಜ್ಜಿ, ವಿರ್ಕಾನ್ ಎಂಬ ಗುಲಾಬಿ ಬಣ್ಣದ ಕ್ರಿಮಿನಾಶಕ ತೀರ್ಥದಲ್ಲಿ ಅದ್ದಬೇಕು. ಹೋಗುವಾಗಲೂ, ಬರುವಾಗಲೂ. ಮಳೆಪ್ಯಾಂಟು ಬೂಟಿನ ಮೇಲೆ ಬರಬೇಕು. ಸ್ಟೈಲಿಗೆ ಒಳಗೆ ತುರುಕಿದವರ ಬೂಟು ಮೊದಲನೇ ತೆರೆಗೇ ಕೊಡ.

ನೆಲಕ್ಕಿಳಿದ ಮೇಲೆ ಪೆಂಗ್ವಿನ್ನಿಗೆ 5 ಮೀಟರ್ ದೂರ. ಅದಾಗಿ ಹತ್ತಿರ ಬಂದರೆ ಕಂಬದ ಹಾಗೆ ನಿಲ್ಲಬೇಕು. ಹಕ್ಕಿಜ್ವರ ಬಂದ ಮೇಲೆ ಕೂರುವಂತಿಲ್ಲ, ಮೊಣಕಾಲೂರುವಂತಿಲ್ಲ, ಚೀಲ ಕೆಳಗಿಡುವಂತಿಲ್ಲ. ತಿಂಡಿ ಒಯ್ಯುವಂತಿಲ್ಲ, ಹಡಗಿಗೆ ಮರಳುವ ತನಕ ಒಂದಕ್ಕೂ ಹೋಗುವಂತಿಲ್ಲ. ಉಣಕಲ್ ಕೆರೆ ಏರಿಯ ಮೇಲೆ ಪ್ಯಾಂಟಿನ ಜಿಪ್ಪಿಗೆ ಕೈಹಾಕುವಾಗ ಆಚೀಚೆ ನೋಡದ ಮಹನೀಯರು ಇಲ್ಲಿ ಮೂರು ತಾಸು ತಡೆದುಕೊಳ್ಳುತ್ತಾರೆ. ಇಷ್ಟೆಲ್ಲ ಮಡಿಯಿಂದ ನೋಡಬೇಕಾದ ದೇವರು ಮಾತ್ರ ತನ್ನದೇ ಹಿಕ್ಕೆಯಲ್ಲಿ ಹೊರಳಿ, ಕೊಳೆತ ಮೀನಿನ ವಾಸನೆ ಹೊಡೆಯುತ್ತ ನಿಂತಿರುತ್ತದೆ.

ಬೂಟಿಗೆ ತೀರ್ಥವಿದೆ, ಹಡಗಿನ ಚಿಮಣಿಗೆ? ಜಿಡ್ಡೆಣ್ಣೆ ಉರಿಸುವುದು 2011ರಿಂದ ನಿಷಿದ್ಧ, ಸರಿ. ಆದರೆ ಹಗುರ ಡೀಸೆಲ್ಲಿನಿಂದಲೂ ಮಸಿ ಬರುತ್ತದೆ, ಹಿಮದ ಮೇಲೆ ಕೂತು ಬಿಸಿಲು ಹೀರಿ ಕರಗಿಸುತ್ತದೆ. 2022ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ನಲ್ಲಿ ಬಂದ ಅಧ್ಯಯನದ ಅಂದಾಜಿನಂತೆ, ಹೆಚ್ಚಾಗಿ ಹಡಗುಗಳ ಹೊಗೆಯ ದೆಸೆಯಿಂದ, ಒಬ್ಬೊಬ್ಬ ಪ್ರವಾಸಿಯ ಪಾಲಿಗೆ ಕರಗುವ ಹಿಮ ಸುಮಾರು 83 ಟನ್. ಹತ್ತು ಟನ್ನಿನ ಟಿಪ್ಪರ್ ಎಂಟು ತುಂಬಿ, ಒಂಬತ್ತನೆಯದರಲ್ಲೂ ಸ್ವಲ್ಪ. ಉತ್ತರಾಣಿ ಕಾಳು ಮಾತ್ರ ಚಿಮಟದಲ್ಲಿ ಭದ್ರ. ‘ಕರಗೋದ್ರಾಗ ಒಮ್ಮೆ ನೋಡಿಬಿಡೋಣ್ರೀ’ ಅಂತ ಟಿಕೆಟ್ ತೆಗೆಸುವವರಿಗೆ ಈ ಲೆಕ್ಕ ಹೇಳಿದರೆ, ‘ಹಂಗಾರ ಲಗೂನ ಹೋಗಬೇಕು’ ಅನ್ನುತ್ತಾರೆ.

ಇವರು ತೆಂಕಣಕ್ಕೆ ಹಾರುವ ಅದೇ ನವೆಂಬರಿನ ಹೊತ್ತಿಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಇಳಿಯುತ್ತವೆ. 2024ರಲ್ಲಿ ಈ ಕೆರೆ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಎಕ್ಸ್‌ಪೆಡಿಷನ್ ಮುಗಿಸಿದವರು ಹಡಗಿನವರು ಕೊಟ್ಟ ಜಾಕೆಟ್ ತೊಟ್ಟು ಒಂದು ಭಾನುವಾರ ಅಲ್ಲಿಗೂ ಬರುತ್ತಾರೆ. ಕುರುಕಲು ಪೊಟ್ಟಣ ಏರಿಯ ಮೇಲೆ, ಕಾಲು ಕೆಸರಿನಲ್ಲಿ. ಹಿಂಡು ಹಾರುವ ವಿಡಿಯೋಕ್ಕಾಗಿ ಚಪ್ಪಾಳೆ.

‘ಸರ್, ಸ್ವಲ್ಪ ಹಿಂದ ಸರೀರಿ, ಹಕ್ಕಿ ಏಳ್ತಾವು’ ಅನ್ನುತ್ತಾನೆ ಕಾವಲು ಹುಡುಗ.

‘ನಾ ಅಂಟಾರ್ಕ್ಟಿಕಾ ನೋಡಿ ಬಂದೇನೋ ತಮ್ಮಾ. ನನಗ ಹಕ್ಕಿ ನೋಡೋದು ಕಲಸ್ತೀಯೇನು?’