ಕಿವಿಗೆ ಮನೆಯವರೆಲ್ಲ ಡಾಕ್ಟರೇ

ಕುಕ್ಕರ್ ಎಷ್ಟು ಸಲ ಕೂಗಿತು ಎಂದು ಅಮ್ಮ ನನ್ನನ್ನು ಕೇಳಲು ಶುರು ಮಾಡಿದಾಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಮರೆವು ಅಂದುಕೊಂಡೆ. ಆಮೇಲೆ ನಮ್ಮ ಟಿವಿಯ ಧಾರಾವಾಹಿ ಪಕ್ಕದ ಮನೆಯವರಿಗೂ ಕೇಳತೊಡಗಿತು.

ಆಗ ಶುರುವಾಯಿತು ನೋಡಿ ಮನೆವೈದ್ಯ. ಗುಗ್ಗೆ ಕಟ್ಟಿರಬೇಕು ಎಂದು ದೊಡ್ಡಮ್ಮ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರು. ಅಮ್ಮ ತಲೆಯ ಪಿನ್ನು ತೆಗೆದು ಕೆರೆದುಕೊಂಡಳು. ನಾನು ಓದಿದವನಲ್ವಾ, ಇಯರ್ ಬಡ್ಸ್ ತಂದುಕೊಟ್ಟೆ! ಕಣ್ಣು ಮಂಜಾದರೆ ಹೀಗೆ ಪಿನ್ನು ಹಿಡಿದು ಹೋಗುತ್ತೇವಾ?

ಕೊನೆಗೆ ಇಎನ್‌ಟಿ ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, "ಇದನ್ನು ಇಷ್ಟು ಒಳಗೆ ತಳ್ಳಿದ್ದು ಯಾರು?" ಎಂದರು. ಕಿವಿಯೊಳಗಿನ ಚರ್ಮ ನಿಧಾನಕ್ಕೆ ಹೊರಕ್ಕೆ ಸರಿಯುತ್ತಾ ಗುಗ್ಗೆಯನ್ನು ತಾನೇ ಹೊರಗೆ ತರುತ್ತದೆ. ನಾವು ಬಡ್ ಹಾಕಿ ವಾಪಸ್ ದಬ್ಬುತ್ತೇವೆ. ಇನ್ನು ಕಿವಿಯ ತಮಟೆ ತೂತಾಗಿದ್ದರಂತೂ ಬಿಟ್ಟ ಎಣ್ಣೆ ನೇರ ಒಳಗೇ ಇಳಿಯುತ್ತದೆ. ಸೋರುವ ಕಿವಿಗೂ ಎಣ್ಣೆ ಬಿಡುವ ದೊಡ್ಡಮ್ಮಂದಿರಿಗೆ ಯಾರಾದರೂ ಇದನ್ನು ಓದಿ ಹೇಳಿ.

ಗುಗ್ಗೆ ತೆಗೆಸಿದ ಮೇಲೂ ಪೂರ್ತಿ ಸರಿಹೋಗಲಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆವು. 1960ರ ದಶಕದಿಂದ ಇದೆ, ಅದರ ಮುಂದೆಯೇ ಓಡಾಡಿಕೊಂಡು ಬೆಳೆದವನು ನಾನು. ಸದ್ದು ನುಸುಳದ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ ಪರೀಕ್ಷೆ ಮಾಡಿದರು. ವಯಸ್ಸಿನ ಕಿವುಡು. ಇದರಲ್ಲಿ ಸಣ್ಣ ಕೀರಲು ಸದ್ದುಗಳು ಮೊದಲು ಹೋಗುತ್ತವೆ. ಮಾತಿನಲ್ಲಿ ಸ, ಶ, ತ ಇಂಥವು. "ಕೇಳುತ್ತೆ ಕಣೋ, ಏನಂದೆ ಅಂತ ತಿಳಿಯಲ್ಲ" ಎಂದು ಅಮ್ಮ ಹೇಳುತ್ತಿದ್ದುದು ಅಕ್ಷರಶಃ ನಿಜ. ನಾವು ಸುಮ್ನೆ ಕಿರುಚಿದೆವು.

ಕಿವಿಗೆ ಕೇಳಿಸುವ ಮೆಷಿನ್ ಹಾಕಿದ ಮೊದಲ ವಾರ ಪಾತ್ರೆ ಸದ್ದಿಗೂ ಬೆಚ್ಚಿಬೀಳುತ್ತಿದ್ದಳು. ಬೀರುವಿಗೆ ಸೇರಬೇಕಿತ್ತು ಅದು. ಎಷ್ಟೋ ಮನೆಗಳಲ್ಲಿ ಸೇರಿದೆ ಕೂಡ. ಎರಡು ಸಲ ವಾಪಸ್ ಹೋಗಿ ಸದ್ದು ಹೊಂದಿಸಿಕೊಂಡು ಬಂದೆವು, ಆಮೇಲೆ ಒಗ್ಗಿತು.

ಅಮ್ಮನದು ನಿಧಾನಕ್ಕೆ ಬಂದದ್ದು, ತಡವಾದರೂ ನಡೆಯಿತು. ಆದರೆ ರಾತ್ರಿ ಸರಿಯಿದ್ದ ಕಿವಿ ಬೆಳಗ್ಗೆ ಇದ್ದಕ್ಕಿದ್ದಂತೆ ಕೇಳದಿದ್ದರೆ ಅವತ್ತೇ ಓಡಬೇಕು. ಅದಕ್ಕೆ ಕೊಡುವ ಸ್ಟಿರಾಯ್ಡ್ ಮೊದಲ ದಿನಗಳಲ್ಲೇ ಹೆಚ್ಚು ಕೆಲಸ ಮಾಡುವುದು. ಶೀತ ಇರಬೇಕು ಎಂದು ವಾರಗಟ್ಟಲೆ ಕೂತರೆ ಹೋಗಿದ್ದು ಹೋದಂತೆಯೇ.

ಮೊನ್ನೆ ಅಮ್ಮ ನಡುಮನೆಯಲ್ಲಿ ಕೂತು ಮೇಲೆ ನೋಡಿದಳು. "ಈ ಫ್ಯಾನು ಯಾವಾಗಿಂದ ಹಿಂಗೆ ಕಿರ್ರ್ ಅಂತಿದೆಯೋ?"

ಎರಡು ವರ್ಷದಿಂದ.