ನೆಲಕ್ಕುಂಟು, ಲೆಕ್ಕಕ್ಕಿಲ್ಲ

ಅಂತರ್ಜಲ ಏರಿದೆಯಂತೆ. ವರದಿ ಬಂದಿದೆ. ಓದಿದವರಿಗೆಲ್ಲ ಖುಷಿ, ಬಾವಿಗೆ ಕೊಡ ಇಳಿಸಿದವರಿಗೆ ಮಾತ್ರ ಗೊಂದಲ. ಹಗ್ಗ ಪೂರ್ತಿ ಮುಗಿದರೂ ಕೊಡಕ್ಕೆ ನೀರು ತಾಗುತ್ತಿಲ್ಲ, ಆದರೆ ಗ್ರಾಫಿನ ಗೆರೆ ಮಾತ್ರ ಮೇಲೆ ಮೇಲೆ ಹೋಗುತ್ತಿದೆ. ಸುಳ್ಳು ಹೇಳುತ್ತಿರುವವರು ಯಾರು? ತಮಾಷೆ ಏನಂದ್ರೆ, ಯಾರೂ ಅಲ್ಲ.

ನಾಲ್ಕೇ ನಾಲ್ಕು ಬಾವಿ ಇಟ್ಟುಕೊಳ್ಳಿ. ನೆಲದಿಂದ ನೀರಿಗೆ ಒಂದರಲ್ಲಿ 8 ಮೀಟರ್, ಇನ್ನೊಂದರಲ್ಲಿ 12, ಮತ್ತೊಂದರಲ್ಲಿ 20, ಕೊನೆಯದರಲ್ಲಿ 40. ಸರಾಸರಿ 20. ಮುಂದಿನ ವರ್ಷ ಎಲ್ಲ ಕಡೆ ನೀರು 3 ಮೀಟರ್ ಕುಸಿಯಿತು. 11, 15, 23. ನಾಲ್ಕನೆಯ ಬಾವಿಯ ತಳ ಇರುವುದೇ 42ಕ್ಕೆ, ಅಲ್ಲಿ ಬರೀ ಕಲ್ಲು. ನೀರೇ ಇಲ್ಲದ ಮೇಲೆ ನೀರಿನ ಮಟ್ಟ ಎಲ್ಲಿಂದ ಬರಬೇಕು? ಆ ಚೌಕ ಖಾಲಿ ಬಿಟ್ಟರು. ಉಳಿದ ಮೂರರ ಸರಾಸರಿ 16.3. ಅಲ್ಲಿಗೆ ನೀರು ಮೂರೂವರೆ ಮೀಟರಿಗೂ ಜಾಸ್ತಿ ಮೇಲೆ ಬಂತು! ಮಳೆ ಬೇಡ, ಹೂಳೆತ್ತುವುದು ಬೇಡ, ಇಂಗುಗುಂಡಿ ಬೇಡ, ಒಂದು ಬಾವಿ ಸತ್ತರೆ ಸಾಕು. ನಪಾಸಾಗುವ ಹುಡುಗರಿಗೆ ಹಾಲ್ ಟಿಕೆಟ್ಟೇ ಕೊಡದೆ ನೂರಕ್ಕೆ ನೂರು ಫಲಿತಾಂಶ ತರುವ ಶಾಲೆಯವರು ಇಲ್ಲಿಗೆ ಬಂದು ಟ್ಯೂಷನ್ ತಗೊಳ್ಳಬೇಕು.

ಸುಮ್ನೆ ಕಥೆ ಕಟ್ಟುತ್ತಿದ್ದೇನೆ ಅಂದುಕೊಳ್ಳಬೇಡಿ. ದಕ್ಷಿಣ ಭಾರತದಲ್ಲಿ ಅಂತರ್ಜಲ ಚೇತರಿಸಿಕೊಳ್ಳುತ್ತಿದೆ ಅಂತ ಬಾವಿಗಳ ದಾಖಲೆಯೂ ಹೇಳುತ್ತಿತ್ತು, ಆಕಾಶದಿಂದ ನೋಡುವ ಉಪಗ್ರಹವೂ ಹೇಳುತ್ತಿತ್ತು. ರೈತರು ಮಾತ್ರ ಬಾವಿ ಬತ್ತಿತು ಅನ್ನುತ್ತಿದ್ದರು. ಕೆಲವು ಸಂಶೋಧಕರು ರೈತರ ಮಾತನ್ನೂ ಕಿವಿಗೆ ಹಾಕಿಕೊಂಡು ದಾಖಲೆ ಕೆದಕಿದರು. 2019ರಲ್ಲಿ ಅವರು ಪ್ರಕಟಿಸಿದ್ದು ಇದೇ ಗುಟ್ಟು: ಬತ್ತಿದ ಬಾವಿಗಳು ಲೆಕ್ಕದಿಂದ ಹೊರಗೆ ಉಳಿದಿದ್ದವು, ಬದುಕಿದ್ದವನ್ನಷ್ಟೇ ನೋಡಿ ಎಲ್ಲರೂ ಆರೋಗ್ಯವಾಗಿದ್ದಾರೆ ಅಂತ ಬರೆದಂತಾಗಿತ್ತು.

ಅಳೆಯುವವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೆಲಸ ನೋಡಿದರೆ ಮರ್ಯಾದೆಯೇ ಹುಟ್ಟುತ್ತದೆ. ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಬಳಿದು, ಬಾವಿಕಟ್ಟೆಯ ಮೇಲೆ ಬಣ್ಣದಲ್ಲಿ ಗುರುತು ಹಾಕಿದ ಅದೇ ಜಾಗದಿಂದ ಇಳಿಬಿಡುತ್ತಾರೆ. ಮೇಲೆಳೆದು ಸುಣ್ಣ ಎಲ್ಲಿಯವರೆಗೆ ಒದ್ದೆಯಾಗಿದೆ ಅಂತ ನೋಡುತ್ತಾರೆ, ಕಟ್ಟೆಯ ಎತ್ತರವನ್ನು ಕಳೆಯುತ್ತಾರೆ. ಮೋಟರು ಓಡುತ್ತಿದ್ದರೆ ನಿಲ್ಲಿಸಿ, ನೀರು ಮತ್ತೆ ತನ್ನ ಮಟ್ಟಕ್ಕೆ ಬರುವವರೆಗೆ ಬಿಸಿಲಲ್ಲಿ ಕಾಯುತ್ತಾರೆ. ಸೆಂಟಿಮೀಟರ್ ಕೂಡ ತಪ್ಪಬಾರದು. ಇಷ್ಟು ನಿಯತ್ತಿನಿಂದ ಅಳೆದ ಮೇಲೆ ಒಣ ಬಾವಿ ಎದುರಾಗುತ್ತದೆ. ಟೇಪಿಗೆ ಕಟ್ಟಿದ ಗುಂಡು ಕಲ್ಲಿಗೆ ಬಡಿದು ಠಣ್ ಅನ್ನುತ್ತದೆ, ಸುಣ್ಣ ಹೋದ ಹಾಗೇ ಬೆಳ್ಳಗೆ ವಾಪಸ್ ಬರುತ್ತದೆ.

ಈಗ ಏನು ಬರೆಯಬೇಕು? ‘42ಕ್ಕಿಂತ ಕೆಳಗೆ’ ಅಂತ ಬರೆಯಬಹುದು. ಅದೂ ಅಳತೆಯೇ, ನನ್ನನ್ನು ಕೇಳಿದರೆ ಆ ಹಾಳೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಳತೆ. ಆದರೆ ಫಾರಂನ ಚೌಕಕ್ಕೆ ಅಂಕಿ ಮಾತ್ರ ಬೇಕು, ಅಕ್ಷರ ಬಿದ್ದರೆ ಕೆಂಪಗೆ ಮುಖ ಮಾಡುತ್ತದೆ. ಹಾಗಾದರೆ ಸೊನ್ನೆ? ಅಯ್ಯೋ, ಸೊನ್ನೆ ಅಂದರೆ ನೀರು ನೆಲಮಟ್ಟಕ್ಕೇ ಬಂದು ನಿಂತಿದೆ ಅಂತ ಅರ್ಥ! ಬತ್ತಿದ ಬಾವಿಯೇ ಎಲ್ಲಕ್ಕಿಂತ ತುಂಬಿದ ಬಾವಿ ಆಗಿಬಿಡುತ್ತದೆ. ಅದಕ್ಕೇ ಖಾಲಿ ಬಿಡುವುದು ಕ್ಷೇಮ. ಒಂದು ವರ್ಷ ಖಾಲಿ, ಎರಡನೇ ವರ್ಷ ಖಾಲಿ, ಮೂರನೇ ವರ್ಷ ‘ಈ ಬಾವಿಯಿಂದ ಮಾಹಿತಿ ಬರುತ್ತಿಲ್ಲ’ ಅಂತ ಪಟ್ಟಿಯಿಂದಲೇ ತೆಗೆಯುತ್ತಾರೆ. ಮಾಹಿತಿ ಬರುತ್ತಿಲ್ಲವಾ? ಪಾಪ, ಬಾಯಿ ಬಿಟ್ಟುಕೊಂಡೇ ಕೂತಿದೆಯಲ್ಲ!

ಇನ್ನೂ ಸ್ವಲ್ಪ ಜಾಣರಿದ್ದರೆ ಪಕ್ಕದಲ್ಲೇ ಆಳದ ಬೋರ್‌ವೆಲ್ ಕೊರೆಸಿ ಹಳೇ ಬಾವಿಯ ನಂಬರನ್ನೇ ಅದಕ್ಕೆ ಕೊಡುತ್ತಾರೆ. ತೆರೆದ ಬಾವಿಗೆ ಬರುತ್ತಿದ್ದದ್ದು ಮೇಲಿನ ಮಣ್ಣು, ಸಡಿಲ ಕಲ್ಲಿನ ನೀರು; ಇದಕ್ಕೆ ಬರುವುದು ಎಷ್ಟೋ ಕೆಳಗಿನ ಬಂಡೆಯ ಬಿರುಕಿನದು, ಒತ್ತಡದಲ್ಲಿ ಕೂತಿದ್ದರೆ ಕೊಳವೆಯೊಳಗೆ ಅದು ಸಾಕಷ್ಟು ಮೇಲಕ್ಕೂ ಏರುತ್ತದೆ. ಸೆಲೆಯೇ ಬೇರೆ. ಆದರೂ ಗ್ರಾಫಿನಲ್ಲಿ ಗೆರೆ ಒಂದೇ, ಅಜ್ಜ ಹೋದ ಮೇಲೆ ಮೊಮ್ಮಗನ ಬಿಪಿ ಅಳೆದು ಅಜ್ಜ ಗಟ್ಟಿಮುಟ್ಟಾಗಿದ್ದಾರೆ ಅಂದ ಹಾಗೆ.

ಹೀಗೇ ಹೋದರೆ ಕೊನೆಗೆ ಒಂದೇ ಬಾವಿ ಉಳಿಯುತ್ತದೆ, ಸೋರುವ ಕಾಲುವೆಯ ಮಗ್ಗುಲಲ್ಲಿ, ನೀರು 2 ಮೀಟರಿಗೇ. ಆ ವರ್ಷ ಇಡೀ ಜಲಾನಯನದ ಸರಾಸರಿ 2 ಮೀಟರ್, ಹಿಂದೆಂದೂ ಕಾಣದ ಸಾಧನೆ. ಸನ್ಮಾನ ಸಮಾರಂಭ ದಯವಿಟ್ಟು ಆ ಬಾವಿ ಹತ್ತಿರವೇ ಇಟ್ಟುಕೊಳ್ಳಿ. ಬಂದವರಿಗೆ ಕುಡಿಯಲು ನೀರು ಬೇಕಲ್ವಾ?